ಹನ್ನೊಂದು ಪ್ರಶ್ನೆಗಳ ಅಕ್ಕ

ಆ ಹಲ್ಲಿನ ಆಸ್ಪತ್ರೆಗೆ ಹೋಗಿಬಂದವರು ಯಾರೂ ಡಾಕ್ಟರ ಮುಖ ನೆನಪಿಟ್ಟುಕೊಳ್ಳುವುದಿಲ್ಲ. ಮೂಗುಬಾಯಿಗೆ ಬಟ್ಟೆ, ಕಣ್ಣಿಗೆ ದಪ್ಪ ಕನ್ನಡಕ, ಮೇಲಿನಿಂದ ಕಣ್ಣು ಕುಕ್ಕುವ ದೀಪ, ನೆನಪಿಡುವುದಾದರೂ ಏನನ್ನು? ನೆನಪಿನಲ್ಲಿ ಉಳಿಯುವವಳು ಅಕ್ಕ. ಬಾಗಿಲ ಪಕ್ಕದ ಸಣ್ಣ ಮೇಜಿನ ಹಿಂದೆ, ರಟ್ಟಿಗೆ ಕಾಗದ ಸಿಕ್ಕಿಸಿಕೊಂಡು, ಪೆನ್ನಿನ ಮುಚ್ಚಳ ಬಿಚ್ಚಿಟ್ಟುಕೊಂಡು, "ಕೂತ್ಕೊಳ್ಳಿ, ಹನ್ನೊಂದೇ ಹನ್ನೊಂದು ಪ್ರಶ್ನೆ" ಅನ್ನುವವಳು. ಹಲ್ಲುನೋವಿನಲ್ಲಿ ಕೆನ್ನೆ ಹಿಡಿದುಕೊಂಡು ಬಂದವನಿಗೆ ಹನ್ನೊಂದು ಪ್ರಶ್ನೆ ಅಂದರೆ ಹೇಗಾಗಬೇಡ, ನೀವೇ ಹೇಳಿ! ಜನ ಬೆನ್ನ ಹಿಂದೆ ಅವಳನ್ನು ಪ್ರಶ್ನೆ ಅಕ್ಕ ಅನ್ನುತ್ತಿದ್ದರು. ಅವಳಿಗೂ ಗೊತ್ತಿತ್ತು, ಬೇಜಾರಿರಲಿಲ್ಲ.

ಇಪ್ಪತ್ತಾರು ವರ್ಷದಿಂದ ಅವಳ ಕೆಲಸ ಅದೇ. ಬೆಳಿಗ್ಗೆ ಬೀಗ ತೆಗೆಯುವುದು, ಹಬೆಯ ಪೆಟ್ಟಿಗೆಯಿಂದ ಇಕ್ಕಳ, ಕನ್ನಡಿ, ಸೂಜಿಗಳನ್ನು ತೆಗೆದು ಜೋಡಿಸುವುದು, ಬಂದವರನ್ನು ಕೇಳಿ ಕಾಗದ ತುಂಬುವುದು, ಆಮೇಲೆ ಡಾಕ್ಟರ ಎಡಕ್ಕೆ ನಿಂತು ಎಂಜಲು ಎಳೆಯುವ ನಳಿಕೆ ಹಿಡಿಯುವುದು. ಹೃದಯದ ತೊಂದರೆ ಇದೆಯಾ, ಬಿ.ಪಿ. ಇದೆಯಾ, ಸಕ್ಕರೆ ಕಾಯಿಲೆ ಇದೆಯಾ, ಉಬ್ಬಸ ಇದೆಯಾ, ಫಿಟ್ಸ್ ಬಂದಿತ್ತಾ, ಗಾಯವಾದರೆ ರಕ್ತ ಬೇಗ ನಿಲ್ಲುತ್ತಾ, ಯಾವ ಮಾತ್ರೆ ನುಂಗ್ತೀರಿ, ಯಾವ ಔಷಧಿ ಮೈಗೆ ಆಗಲ್ಲ, ಆಪರೇಷನ್ ಏನಾದರೂ ಆಗಿದೆಯಾ, ಹೆಂಗಸಾದರೆ ಬಸುರಿಯಾ. ಅಚ್ಚಾದ ಪ್ರಶ್ನೆ ಇವು ಹತ್ತು. "ಏನೂ ಇಲ್ಲಮ್ಮ, ಕಲ್ಲುಗುಂಡು ಇದ್ದ ಹಾಗಿದ್ದೀನಿ" ಅಂದವರನ್ನು ಅವಳು ಸುಮ್ಮನೆ ಬಿಡುತ್ತಿರಲಿಲ್ಲ. ಮೊದಲು ಅವರ ಅಂಗಿಯ ಜೇಬು ನೋಡುತ್ತಿದ್ದಳು. ಒಬ್ಬ ದೊಡ್ಡಮನುಷ್ಯನ ಜೇಬಿನಿಂದ ಎದೆನೋವು ಬಂದರೆ ನಾಲಿಗೆ ಕೆಳಗಿಡುವ ಮಾತ್ರೆಯ ಸೀಸೆ ತೆಗೆಸಿ, "ಇದೇನು ಸ್ವಾಮಿ, ಪೆಪ್ಪರಮಿಂಟಾ?" ಅಂತ ಎಲ್ಲರೆದುರು ಕೇಳಿದ್ದಳು. ಆತ ಕೋಪದಿಂದ ಕೆಂಡವಾದ. ಆಗಲಿ ಬಿಡಿ, ಜೀವವಾದರೂ ಉಳಿಯಿತಲ್ಲ.

ಹನ್ನೊಂದನೆಯ ಪ್ರಶ್ನೆ ಅಚ್ಚಾದದ್ದಲ್ಲ. ಪ್ರತಿ ಕಾಗದದ ಕೆಳಗೂ ಅವಳೇ ಪೆನ್ಸಿಲಿನಲ್ಲಿ ಬರೆಯುತ್ತಿದ್ದಳು: ಮಲಗುವಾಗ ಎಷ್ಟು ದಿಂಬು? ಅದರ ಹಿಂದೆ ಅವಳ ಅಮ್ಮ ಇದ್ದಳು. ಅಮ್ಮ ಕೊನೆಯ ವಾರದಲ್ಲಿ ಒಂದು ದಿಂಬಿನಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಹೋಗಿದ್ದಳು. "ಮಲಗಿದ್ರೆ ಉಸಿರೇ ಸಿಕ್ಕಲ್ಲ ಕಣೇ" ಅಂದಿದ್ದಳು. "ಗ್ಯಾಸು ಅಮ್ಮ, ಬಿಸಿನೀರು ಕುಡಿ" ಅಂದವಳು ಇದೇ ಅಕ್ಕ. ಎಂಟನೆಯ ದಿನ ಅಮ್ಮ ಇರಲಿಲ್ಲ. ಹೃದಯ ಸೋತರೆ ಪುಪ್ಪುಸಕ್ಕೆ ನೀರು ತುಂಬುತ್ತದೆ, ಅಂಗಾತ ಮಲಗಿದರೆ ಮುಳುಗಿದ ಹಾಗಾಗುತ್ತದೆ ಅಂತ ಅವಳಿಗೆ ಗೊತ್ತಾದದ್ದು ಆಮೇಲೆ. ಹಿಂದಿನ ಡಾಕ್ಟರು ಒಂದು ದಿನ ತುರ್ತು ಚಿಕಿತ್ಸೆಯ ಪಾಠ ಹೇಳಿಕೊಡುವಾಗ ಅದು ಬಂತು. ಪಾಠದ ನಡುವೆಯೇ ಎದ್ದು ಹೋಗಿ ಬಚ್ಚಲಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಿದ್ದಳು.

ಅಂದಿನಿಂದ ಹೆದರಿಕೆ ಅವಳ ಮೈಗೆ ಅಂಟಿಕೊಂಡಿತು. ಮನೆಯಲ್ಲಿ ಯಾರು ಕೆಮ್ಮಿದರೂ ಅವಳ ಎದೆ ಝಲ್ಲೆನ್ನುತ್ತಿತ್ತು. ಭಾನುವಾರ ಮಧ್ಯಾಹ್ನ ಗಂಡ ಮಲಗಿದರೆ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತಿದ್ದಳು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಆ ಸಾಧು ಮನುಷ್ಯ ಕಣ್ಣು ಬಿಡದೆಯೇ, "ಇನ್ನೂ ಇದ್ದೀನಿ ಮಾರಾಯ್ತಿ, ಹೋಗು" ಅನ್ನುತ್ತಿದ್ದ. ಮಗಳಿಗೆ ಹದಿನೆಂಟಾದರೂ ಬೆರಳು ತಪ್ಪಲಿಲ್ಲ. ಯಾರಿಗಾದರೂ ಜ್ವರ ಬಂದರೆ ಮೊದಲು ಅನ್ನ ಬಿಡುತ್ತಿದ್ದವಳು ಅವಳೇ. ಕಾಯಿಲೆಯವರು ಎದ್ದು ಅವಳಿಗೆ ಸಮಾಧಾನ ಹೇಳಬೇಕಾಗುತ್ತಿತ್ತು. ಮನೆಯವರು ತಮಾಷೆ ಮಾಡುತ್ತಿದ್ದರು. ಅವಳೂ ನಗುತ್ತಿದ್ದಳು, ಬೆರಳಿಡುವುದನ್ನು ಮಾತ್ರ ಬಿಡಲಿಲ್ಲ.

ಅವಳಿಗೊಬ್ಬ ಅಣ್ಣ. ಅದೇ ಊರಿನ ಇನ್ನೊಂದು ಕೊನೆಯಲ್ಲಿ ದರ್ಜಿ. ಅರವತ್ತು ದಾಟಿದರೂ ತಂಗಿಯನ್ನು ಪುಟ್ಟಿ ಅಂತಲೇ ಕರೆಯುವವನು. ಈಚೆಗೆ ಎರಡು ವರ್ಷದಿಂದ ಅವಳ ಮನೆಗೆ ಬಂದರೆ ಕೆಳಗೆ ಬೀದಿಯಲ್ಲೇ ನಿಂತು, "ಪುಟ್ಟೀ, ಕೆಳಗೆ ಬಾರೇ, ನಿನ್ನ ಮೆಟ್ಟಿಲು ಹತ್ತೋಕೆ ಬೇಜಾರು" ಅನ್ನುತ್ತಿದ್ದ. ಎರಡನೇ ಮಹಡಿ, ಇಪ್ಪತ್ತೆಂಟು ಮೆಟ್ಟಿಲು. ಅಕ್ಕನಿಗೆ ಉರಿದುಹೋಗುತ್ತಿತ್ತು. ಅಣ್ಣನಿಗೆ ಜಂಬ ಬಂದಿದೆ, ಇಲ್ಲವಾದರೆ ಅತ್ತಿಗೆ ಏನೋ ಕಿವಿ ಊದಿದ್ದಾಳೆ ಅಂತ ತಿಂಗಳುಗಟ್ಟಲೆ ಮುಖ ಊದಿಸಿಕೊಂಡಿದ್ದಳು. ಕೇಳಬೇಕಾದ ಜಾಗದಲ್ಲಿ ಕೇಳದೆ ಸಿಟ್ಟಾಗುವುದು ರಕ್ತಸಂಬಂಧದಲ್ಲಿ ಎಷ್ಟು ಸಲೀಸು ನೋಡಿ.

ಅಂಥ ಅಣ್ಣ ಒಂದು ಗುರುವಾರ ಬೆಳಿಗ್ಗೆ ಹೇಳದೆ ಕೇಳದೆ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದ. "ದವಡೆ ಹಲ್ಲು ಕೊಳೆತುಹೋಗಿದೆ ಪುಟ್ಟಿ. ಕೀಳಿಸಿಬಿಡು."

"ಎಷ್ಟು ವರ್ಷದಿಂದ ಬಡ್ಕೋತಿದ್ದೀನಿ! ಈಗ ಬಂತಾ ಬುದ್ಧಿ?" ಅಂದಳು. ಒಳಗೊಳಗೆ ಹಿಗ್ಗಿಹೋಗಿದ್ದಳು. ಅಣ್ಣ ತನ್ನ ಜಾಗಕ್ಕೆ ಬಂದಿದ್ದಾನೆ, ತಾನು ಇಪ್ಪತ್ತಾರು ವರ್ಷ ನಿಂತ ಕೋಣೆಯನ್ನು ಮೊದಲ ಸಲ ನೋಡುತ್ತಿದ್ದಾನೆ. ಅವನನ್ನು ಕೂರಿಸಿ ನೀರು ಕೊಟ್ಟಳು. ಕಾಗದ ಎಳೆದುಕೊಂಡಳು. ಹೆಸರು ಬರೆದಳು, ವಯಸ್ಸು ಬರೆದಳು, ಆಮೇಲೆ ಅವನ ಕಡೆ ತಲೆಯನ್ನೂ ಎತ್ತದೆ ಮೇಲಿನಿಂದ ಕೆಳಗೆ ಇಲ್ಲ, ಇಲ್ಲ, ಇಲ್ಲ ಅಂತ ಗೀಚಿಕೊಂಡು ಹೋದಳು. ಬಸುರಿಯಾ ಅನ್ನುವ ಕಡೆಯೂ ಇಲ್ಲ ಅಂತ ಬರೆದು, ಅವನಿಗೆ ತೋರಿಸಿ ನಕ್ಕಳು. ಅವನೂ ನಕ್ಕ. ಹುಟ್ಟಿದಂದಿನಿಂದ ನೋಡಿದವನನ್ನು ಕೇಳುವುದೇನು? ತನಗೆ ಗೊತ್ತಿಲ್ಲದ ಕಾಯಿಲೆ ಅಣ್ಣನಿಗೆ ಇರುತ್ತದೆಯೇ? ಪೆನ್ಸಿಲ್ ಹಿಡಿಯಲೇ ಇಲ್ಲ. ಊರಿನ ಜೇಬನ್ನೆಲ್ಲ ತಡಕಿದವಳು ಒಡಹುಟ್ಟಿದವನ ಕಾಲ ಕಡೆ ಕಣ್ಣು ಹಾಯಿಸಿದ್ದರೂ ಸಾಕಿತ್ತು, ಚಪ್ಪಲಿಯ ಪಟ್ಟಿ ಊದಿದ ಪಾದದೊಳಗೆ ಹೂತುಹೋಗಿದ್ದು ಕಾಣುತ್ತಿತ್ತು.

ಡಾಕ್ಟರು ಮೂವತ್ತು ದಾಟದ ಹುಡುಗಿ, ಹಿಂದಿನ ಡಾಕ್ಟರ ಮಗಳು. ಅಕ್ಕನ ಕಾಗದವನ್ನು ಕಣ್ಣುಮುಚ್ಚಿ ನಂಬುವವಳು. ಮೇಲಿನ ಸಾಲು ನೋಡಿ, "ಅಕ್ಕನ ಅಣ್ಣನಾ? ಹಾಗಾದ್ರೆ ಹುಷಾರಾಗಿ ಕೀಳ್ಬೇಕು" ಅಂತ ನಕ್ಕು, ಕುರ್ಚಿ ಹಿಂದಕ್ಕೆ ಬಾಗಿಸಿ, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಳು. "ಹತ್ತು ನಿಮಿಷ ಹೀಗೇ ಮಲಗಿರಲಿ" ಅಂತ ಪಕ್ಕದ ಕೋಣೆಗೆ ಇನ್ನೊಬ್ಬರನ್ನು ನೋಡಲು ಹೋದಳು.

ಅಕ್ಕ ಇಕ್ಕಳ ಜೋಡಿಸುತ್ತ ಅಣ್ಣನಿಗೆ ಮಗಳ ಪರೀಕ್ಷೆಯ ಸುದ್ದಿ ಹೇಳುತ್ತಿದ್ದಳು. ಅವನು ಮೊದಲು ಹೂಂ ಅನ್ನುತ್ತಿದ್ದ. ಆಮೇಲೆ ಹೂಂ ನಿಂತಿತು. ಕೆಮ್ಮಿದ. ಮತ್ತೆ ಕೆಮ್ಮಿದ. ತಿರುಗಿ ನೋಡಿದರೆ ಮುಖ ಬಿಳಿಚಿಕೊಂಡಿದೆ, ಹಣೆಯ ಮೇಲೆ ಬೆವರು ಕಿತ್ತುಕೊಂಡು ಬರುತ್ತಿದೆ.

ಆ ಕುರ್ಚಿಯಲ್ಲಿ ಬಿಳಿಚಿಕೊಂಡು ಬೆವರುವವರನ್ನು ಅವಳು ನೂರಾರು ನೋಡಿದ್ದಳು. ಗರಡಿ ಮನೆಯ ಪೈಲ್ವಾನನೂ ಸೂಜಿ ನೋಡಿ ತಲೆಸುತ್ತಿ ಬಿದ್ದಿದ್ದ. ಅದಕ್ಕೆ ಮದ್ದು ಒಂದೇ: ಕುರ್ಚಿ ಇನ್ನೂ ಕೆಳಗೆ, ತಲೆ ತಗ್ಗು, ಕಾಲು ಎತ್ತರ. ಎರಡು ನಿಮಿಷಕ್ಕೆ ರಕ್ತ ತಲೆಗೆ ಹೋಗಿ ಮನುಷ್ಯ ಎದ್ದು ನಾಚಿಕೊಳ್ಳುತ್ತಾನೆ. ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರ ಕಾಲಿಗೆ ಇದು ತಲೆಗಿಂತ ಮೊದಲು ಗೊತ್ತಾಗುತ್ತದೆ. ಅವಳ ಕಾಲು ತಾನೇ ಪೆಡಲ್ ಒತ್ತಿತು. ಕುರ್ಚಿ ಗುಂಯ್ಯೆಂದು ಹಿಂದಕ್ಕೆ ಹೋಯಿತು, ಅಣ್ಣನ ತಲೆ ಕೆಳಗಾಯಿತು, ಕಾಲು ಮೇಲಾಯಿತು.

"ಏನಿಲ್ಲ ಅಣ್ಣ, ಹೆದರ್ಕೋಬೇಡ, ಈಗ ಸರಿಹೋಗುತ್ತೆ."

ಸರಿಹೋಗಲಿಲ್ಲ. ಅವನ ಗಂಟಲಲ್ಲಿ ಗೊರಗೊರ ಶಬ್ದ ಶುರುವಾಯಿತು. ತಲೆಸುತ್ತಿದವನು ಸುಮ್ಮನೆ ಬಿದ್ದಿರುತ್ತಾನೆ. ಇವನು ಮೊಣಕೈ ಊರಿ ಏಳಲು ಒದ್ದಾಡುತ್ತಿದ್ದ. ಕೈ ಚಾಚಿ ಅವಳ ಸೀರೆಯನ್ನು ಹಿಡಿದು ಎಳೆದ. ಬಾಯಿ ತೆರೆದಿತ್ತು, ಮಾತು ಬರುತ್ತಿರಲಿಲ್ಲ, ಕಣ್ಣು ಮಾತ್ರ ಅವಳ ಮೇಲೆ ನೆಟ್ಟಿತ್ತು. ಅಮ್ಮನ ಕಣ್ಣೂ ಹೀಗೇ ಇತ್ತು.

ಅಯ್ಯೋ ದೇವರೇ, ಮುಳುಗಿಸುತ್ತಿದ್ದೀನಲ್ಲ! ನಾನೇ ಮುಳುಗಿಸುತ್ತಿದ್ದೀನಲ್ಲ!

ಇನ್ನೊಂದು ಪೆಡಲ್ ಮೇಲೆ ಮೈಭಾರವನ್ನೆಲ್ಲ ಹಾಕಿ ನಿಂತಳು. ಆ ಕುರ್ಚಿ ಮೇಲೇಳಲು ಹಿಡಿಯುವುದು ಹನ್ನೆರಡು ಸೆಕೆಂಡ್. ಅಷ್ಟರಲ್ಲಿ ಅವಳ ಜೀವ ಬಾಯಿಗೆ ಬಂದಿತ್ತು. ಅವನ ಕಂಕುಳಿಗೆ ಕೈಹಾಕಿ ಎತ್ತಿ, ನೆಟ್ಟಗೆ ಕೂರಿಸಿ, ಎರಡು ಕಾಲನ್ನೂ ಕೆಳಗೆ ಇಳಿಬಿಟ್ಟಳು. "ಡಾಕ್ಟ್ರೇ! ಬನ್ನಿ! ಬೇಗ ಬನ್ನಿ!" ಅಂತ ಕೂಗಿದ ದನಿ ಅವಳದ್ದೇ ಅಂತ ಅವಳಿಗೇ ಗೊತ್ತಾಗಲಿಲ್ಲ.

ಡಾಕ್ಟರು ಓಡಿಬಂದಳು. ಒಂದು ನೋಟಕ್ಕೇ ಆಂಬುಲೆನ್ಸಿಗೆ ಫೋನ್ ಮಾಡಲು ಹೊರಗೆ ಕೂತಿದ್ದವರಿಗೆ ಹೇಳಿದಳು. ಆಕ್ಸಿಜನ್ ಸಿಲಿಂಡರ್ ಉರುಳಿಸಿಕೊಂಡು ಬಂದದ್ದು ಅಕ್ಕ. ಮುಖಕ್ಕೆ ಮಾಸ್ಕ್ ಕಟ್ಟಿದಳು, ಕೈಬೆರಳಿಗೆ ರಕ್ತದ ಆಕ್ಸಿಜನ್ ಅಳೆಯುವ ಪುಟ್ಟ ಯಂತ್ರ ಸಿಕ್ಕಿಸಿದಳು. ತೊಂಬತ್ತೈದಕ್ಕೆ ಮೇಲಿರಬೇಕಾದದ್ದು ಎಂಬತ್ತೊಂದು ತೋರಿಸಿತು.

"ಹೃದಯದ ತೊಂದರೆ ಇದೆಯಾ ಅಕ್ಕ?"

"ಇಲ್ಲ."

"ಉಬ್ಬಸ?"

"ಇಲ್ಲ ಇಲ್ಲ."

"ಇಂಜೆಕ್ಷನ್ ಮೈಗೆ ಆಗಲಿಲ್ವಾ ಹಾಗಾದ್ರೆ? ಮೊದಲು ಯಾವತ್ತಾದರೂ ಹೀಗಾಗಿತ್ತಾ? ಮಾತ್ರೆ ಏನು ತಗೋತಾರೆ?"

"ಏನೂ ಇಲ್ಲ ಡಾಕ್ಟ್ರೇ, ಕಾಗದದಲ್ಲಿ ಬರ್ದಿದ್ದೀನಲ್ಲ!"

ಡಾಕ್ಟರು ಬಗ್ಗಿ ಅಣ್ಣನ ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದಳು. ಒತ್ತಿದ ಜಾಗ ಗುಳಿಯಾಗಿ ಹಾಗೇ ನಿಂತಿತು. ತಲೆಯೆತ್ತಿ ಅಕ್ಕನನ್ನು ನೋಡಿದಳು. "ಕಾಲಿಗೆ ನೀರಿಳಿದಿದೆ, ಇದು ಇವತ್ತು ಬಂದ ಕಾಯಿಲೆ ಅಲ್ಲ. ಕಾಗದ ನೀವು ಕೇಳಿ ತುಂಬಿದ್ರಾ?"

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅಕ್ಕನಿಗೆ. ನಾಚಿಕೆಯಿಂದಲ್ಲ, ನಾಚಿಕೆಗೆ ಆಗ ಪುರುಸೊತ್ತೆಲ್ಲಿತ್ತು? ಹೆದರಿಕೆಯಿಂದ. ಅಣ್ಣನ ಕೈ ಹಿಡಿದುಕೊಂಡು, ಅವನ ಮುಂದೆ ಮಂಡಿಯೂರಿ ಕೂತಳು.

"ಅಣ್ಣ, ಮಾತಾಡಬೇಡ. ನಾನು ಕೇಳ್ತೀನಿ. ಹೌದಾದ್ರೆ ಕೈ ಅಮುಕು. ಹೃದಯದ ತೊಂದರೆ ಇದೆಯಾ?"

ಅಮುಕಿದ.

"ಮಾತ್ರೆ ತಗೋತೀಯಾ? ಎಷ್ಟು ತರದ್ದು? ಅಷ್ಟು ಸಲ ಅಮುಕು."

ಒಂದು, ಎರಡು, ಮೂರು, ನಾಲ್ಕು.

"ಇವತ್ತು ತಗೊಂಡ್ಯಾ?" ಕೈ ಸುಮ್ಮನಿತ್ತು. "ನಿನ್ನೆ?" ಸುಮ್ಮನಿತ್ತು. "ಬಿಟ್ಟುಬಿಟ್ಯಾ? ಎಷ್ಟು ದಿನ ಆಯ್ತು?"

ಐದು ಸಲ.

"ರಕ್ತ ತೆಳ್ಳಗೆ ಮಾಡೋದೂ ಇದೆಯಾ ಅದರಲ್ಲಿ? ಮೂತ್ರ ಹೆಚ್ಚು ಬರಿಸೋದು?" ಎರಡಕ್ಕೂ ಅಮುಕಿದ. ಡಾಕ್ಟರು ಬಿ.ಪಿ. ನೋಡಿ, ತುಂಬಾ ಏರಿದೆ ಅಂದು, ತುರ್ತು ಪೆಟ್ಟಿಗೆಯಿಂದ ಸಣ್ಣ ಡಬ್ಬಿ ತೆಗೆದು ನಾಲಿಗೆಯ ಕೆಳಗೆ ಔಷಧಿ ಚಿಮುಕಿಸಿದಳು. ಅಕ್ಕ ಒಂದೂ ಬಿಡದೆ ಕೇಳುತ್ತ ಹೋದಳು. ಕೊನೆಗೆ ಕೇಳಬೇಕಾದದ್ದು ಒಂದೇ ಉಳಿದಿತ್ತು. ಕೇಳಲು ಬಾಯಿ ಬರಲಿಲ್ಲ, ಆದರೂ ಕೇಳಿದಳು.

"ಎಷ್ಟು ದಿಂಬು ಅಣ್ಣ?"

ಮೂರು ಸಲ ಅಮುಕಿ, ಅವನು ಕಣ್ಣು ಮುಚ್ಚಿಕೊಂಡ.

ಆಂಬುಲೆನ್ಸ್ ಬರಲು ಹದಿನಾಲ್ಕು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಅವಳು ಬೆರಳಿನ ಯಂತ್ರವನ್ನೇ ನೋಡುತ್ತಿದ್ದಳು. ಎಂಬತ್ತೊಂದು, ಎಂಬತ್ತು, ಎಂಬತ್ಮೂರು. ಎಂಬತ್ತೇಳಕ್ಕೆ ಹೋದಾಗ ಗೊರಗೊರ ಶಬ್ದ ಸ್ವಲ್ಪ ಇಳಿಯಿತು. ಆಂಬುಲೆನ್ಸಿನವರು ಮಲಗಿಸಲು ಸ್ಟ್ರೆಚರ್ ಹಾಸಿದರು. "ಮಲಗಿಸಿದ್ರೆ ನೋಡಿ!" ಅಂತ ಹುಲಿಯ ಹಾಗೆ ಎಗರಿದಳು. ಕೂರಿಸಿಕೊಂಡೇ ಕರೆದೊಯ್ದರು. ನಾಲ್ಕು ಮಾತ್ರೆ, ಐದು ದಿನದಿಂದ ಬಿಟ್ಟಿದ್ದು, ರಕ್ತ ತೆಳ್ಳಗೆ ಮಾಡುವುದು, ಎಲ್ಲವನ್ನೂ ದಾರಿಯುದ್ದ ಅವರಿಗೆ ಎರಡೆರಡು ಸಲ ಹೇಳಿದಳು.

ದೊಡ್ಡ ಆಸ್ಪತ್ರೆಯ ಓಣಿಯಲ್ಲಿ ಅತ್ತಿಗೆ ಸಿಕ್ಕಿದಾಗ ಸಂಜೆ ನಾಲ್ಕಾಗಿತ್ತು. ಒಳಗೆ ಅಣ್ಣನ ಪುಪ್ಪುಸದ ನೀರು ಇಳಿಯುತ್ತಿದೆ, ಇನ್ನೂ ಏನೂ ಹೇಳಕ್ಕಾಗಲ್ಲ ಅಂದಿದ್ದರು. ಅಕ್ಕ ಅತ್ತಿಗೆಯ ಎರಡು ತೋಳನ್ನೂ ಹಿಡಿದುಕೊಂಡಳು. "ಎಷ್ಟು ದಿನದಿಂದ ಅತ್ತಿಗೆ? ನನಗ್ಯಾಕೆ ಹೇಳಲಿಲ್ಲ? ನಾನೇನು ಹೊರಗಿನವಳಾ?"

ಅತ್ತಿಗೆ ಬೆಂಚಿನ ಮೇಲೆ ಕುಸಿದು ಕೂತಳು. "ಎರಡು ವರ್ಷ ಆಯ್ತು ಕಣಮ್ಮ. ಮದುವೆಗೆ ಹೋಗ್ತೀವಿ ಅಂತ ಹೇಳಿ ಒಂಬತ್ತು ದಿನ ಇರಲಿಲ್ವಲ್ಲ, ಆಗ ಇಲ್ಲೇ ಇದ್ವಿ. ಯಾವ ಮದುವೆ, ಯಾವ ಮಣ್ಣು! ಪುಟ್ಟಿಗೆ ಗೊತ್ತಾಗಕೂಡದು ಅಂತ ನನ್ನ ಹತ್ರ ಆಣೆ ಮಾಡಿಸ್ಕೊಂಡ್ರು. ಅಮ್ಮ ಹೋದಮೇಲೆ ನೀನು ಒಂದು ವರ್ಷ ನೆಟ್ಟಗೆ ಉಂಡಿರಲಿಲ್ಲ. ಇವರದ್ದೂ ಅದೇ ಕಾಯಿಲೆ ಅಂತ ಗೊತ್ತಾದ್ರೆ ನೀನು ಉಳಿಯಲ್ಲ ಅಂತ ಅವರಿಗೆ."

"ಮಾತ್ರೆ ಬಿಟ್ಟಿದ್ದು?"

"ನನಗೂ ಗೊತ್ತಿರಲಿಲ್ಲ. ಈಗ ಮನೆಯಿಂದ ಹೊರಡೋ ಮುಂಚೆ ಮಾತ್ರೆ ಡಬ್ಬಿ ತೆಗೆದು ನೋಡಿದೆ." ಅತ್ತಿಗೆ ಸೆರಗಿನಿಂದ ಮೂಗು ಒರೆಸಿಕೊಂಡಳು. "ನೀನೇ ಊಟಕ್ಕೆ ಬಂದಾಗ ಹೇಳಿದ್ದೆಯಲ್ಲ, ರಕ್ತ ತೆಳ್ಳಗೆ ಮಾಡೋ ಮಾತ್ರೆ ತಗೊಂಡೋರ ಹಲ್ಲು ಕಿತ್ರೆ ರಕ್ತ ನಿಲ್ಲಲ್ಲ, ಸುಳ್ಳು ಅಲ್ಲೇ ಸಿಕ್ಕಿಬೀಳುತ್ತೆ ಅಂತ. ಸಿಕ್ಕಿಬೀಳಬಾರದು ಅಂತ ಬಿಟ್ಟಿರಬೇಕು. ಯಾವುದು ಯಾವ ಮಾತ್ರೆ ಅಂತ ಅವರಿಗೇನು ಗೊತ್ತು? ನಾಲ್ಕನ್ನೂ ಬಿಟ್ಟಿದ್ದಾರೆ."

ಅಕ್ಕನಿಗೆ ಆ ಊಟ ಚೆನ್ನಾಗಿ ನೆನಪಿತ್ತು. ಸುಳ್ಳು ಹೇಳಿದ ರೋಗಿಯೊಬ್ಬನ ಕಥೆಯನ್ನು ಕೈ ಆಡಿಸಿ ಹೇಳಿ ಎಲ್ಲರನ್ನೂ ನಗಿಸಿದ್ದಳು. ಅಣ್ಣನೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಅವನು ಅಂದು ನಗುತ್ತ ಏನು ಲೆಕ್ಕ ಹಾಕುತ್ತಿದ್ದ ಅನ್ನುವುದು ಈಗ ಹೊಳೆಯಿತು. ತನ್ನ ಅಳುವಿಗೆ ಹೆದರಿ ಮನುಷ್ಯನೊಬ್ಬ ಸಾಯಲು ಹೊರಟಿದ್ದ. ಹಾಗೆ ಇನ್ನೂ ಯಾರು ಯಾರು ಏನೇನು ಮುಚ್ಚಿಟ್ಟಿದ್ದಾರೋ! ಗಂಡ "ಇನ್ನೂ ಇದ್ದೀನಿ" ಅನ್ನುತ್ತಾನಲ್ಲ, ಹೇಗಿದ್ದಾನೆ ಅಂತ ಎಂದಾದರೂ ಹೇಳಿದ್ದಾನೆಯೇ?

ಮರುದಿನ ಹನ್ನೊಂದಕ್ಕೆ ಒಳಗೆ ಬಿಟ್ಟರು. ಅಣ್ಣ ದಿಂಬಿಗೆ ಒರಗಿ ಕೂತಿದ್ದ, ಮೂಗಿಗೆ ನಳಿಕೆ. ಒಂದೇ ದಿನಕ್ಕೆ ಇಳಿದುಹೋಗಿದ್ದ. ತಂಗಿಯನ್ನು ನೋಡಿ, "ಹಲ್ಲು ಅಲ್ಲೇ ಇದೆ ಪುಟ್ಟಿ, ನಿನ್ನ ಡಾಕ್ಟ್ರು ಮೋಸ ಮಾಡಿದ್ರು" ಅಂದ. ಅವಳು ನಗಲಿಲ್ಲ. ಬೈಯಬೇಕು ಅಂತ ದಾರಿಯುದ್ದ ಹೊಂದಿಸಿಕೊಂಡು ಬಂದಿದ್ದ ಮಾತನ್ನೆಲ್ಲ ಬಿಟ್ಟು ಸ್ಟೂಲ್ ಎಳೆದು ಕೂತಳು.

ಅವನು ಅವಳ ಮುಖವನ್ನೇ ನೋಡುತ್ತಿದ್ದ. "ಇನ್ನೊಂದು ವಿಷಯ ಇದೆ." ಅತ್ತಿಗೆ ಹಿಂದಿನಿಂದ ಬೇಡ ಬೇಡ ಅಂತ ಕೈಸನ್ನೆ ಮಾಡಿದಳು. ಅಕ್ಕ ಅದನ್ನು ನೋಡಿದಳು. ಕೈ ಆಗಲೇ ನಡುಗಲು ಶುರುವಾಗಿತ್ತು. ಎರಡನ್ನೂ ತೊಡೆಯ ಕೆಳಗೆ ತುರುಕಿ, ಅದರ ಮೇಲೆ ಗಟ್ಟಿಯಾಗಿ ಕೂತಳು.

"ಹೇಳು" ಅಂದಳು.

"ಹೃದಯದ ಒಂದು ಕವಾಟ ಸೋರ್ತಿದೆಯಂತೆ. ಎದೆ ತೆರೆದು ಬೇರೆ ಹಾಕ್ಬೇಕಂತೆ. ಒಂದು ವರ್ಷದ ಹಿಂದೇನೇ ಹೇಳಿದ್ರು. ಎದೆ ಕೊಯ್ಸಿಕೊಂಡು ಬಂದು ನಿನ್ನ ಕಣ್ಣಿಗೆ ಮುಚ್ಚಿಡೋದು ಹೇಗೆ ಅಂತ ಗೊತ್ತಾಗಲಿಲ್ಲ. ಮುಂದೂಡ್ತಾ ಬಂದೆ." ಉಸಿರಿಗಾಗಿ ನಿಂತ. "ಹೋದ ತಿಂಗಳು, ಇನ್ನು ತಡ ಮಾಡಿದ್ರೆ ನಾವು ಜವಾಬ್ದಾರರಲ್ಲ ಅಂದ್ರು. ಕೊಳೆತ ಹಲ್ಲು ಇಟ್ಕೊಂಡು ಆಪರೇಷನ್ ಮಾಡಲ್ಲ, ಕೀವು ಹೊಸ ಕವಾಟಕ್ಕೆ ಹೋಗುತ್ತೆ, ಮೊದಲು ಕೀಳಿಸ್ಕೊಂಡು ಬಾ ಅಂದ್ರು. ಬೇರೆ ಕಡೆ ಹೋಗಿದ್ರೆ ಜನ್ಮದಲ್ಲಿ ನನ್ನ ಮಾತಾಡಿಸ್ತಿದ್ಯಾ ನೀನು?"

ಮಂಚದ ಪಕ್ಕದ ಯಂತ್ರ ಕುಯ್ ಕುಯ್ ಅನ್ನುತ್ತಿತ್ತು. ಅತ್ತಿಗೆ ಉಸಿರು ಬಿಗಿಹಿಡಿದು, ಇನ್ನೇನು ಅಕ್ಕ ಗೋಳೋ ಅನ್ನುತ್ತಾಳೆ ಅಂತ ನೀರಿನ ಲೋಟ ಹಿಡಿದು ನಿಂತಿದ್ದಳು. ಅಕ್ಕನ ಕಣ್ಣು ಉರಿಯುತ್ತಿತ್ತು, ತೊಡೆಯ ಕೆಳಗೆ ಕೈಗಳು ಮರಗಟ್ಟುತ್ತಿದ್ದವು. ಅವಳು ಅಳಲಿಲ್ಲ. ಜನರನ್ನು ಕೇಳುತ್ತಲೇ ಕಾಲ ಕಳೆದವಳು ಈವರೆಗೆ ಯಾರನ್ನೂ ಕೇಳಿರದ ಒಂದನ್ನು ಕೇಳಿದಳು.

"ಭಯ ಆಗ್ತಿದೆಯಾ ಅಣ್ಣ?"

ಅವನು ಏನೋ ತಮಾಷೆ ಹೇಳಲು ಬಾಯಿ ತೆರೆದ. ತುಟಿ ಅದುರಿತು. ಎರಡು ವರ್ಷದಲ್ಲಿ ಹೆಂಡತಿಯ ಮುಂದೆಯೂ ಅಳದಿದ್ದವನು ಚಿಕ್ಕ ಹುಡುಗನ ಹಾಗೆ ಬಿಕ್ಕಿ ಬಿಕ್ಕಿ ಅಳತೊಡಗಿದ.

"ತುಂಬಾ ಆಗ್ತಿದೆ ಪುಟ್ಟಿ" ಅಂದ.

"ಹೇಳು" ಅಂದಳು ಅಕ್ಕ, ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು. "ಎಲ್ಲಾ ಹೇಳು. ನಾನು ಕೂತಿದ್ದೀನಿ."